ಹುಣಸೆಮರದ ತನಕ

ನನ್ನ ಮಗಳು ಕಾವ್ಯ ನನ್ನ ಫೋನಿನೊಳಗೆ ಒಂದು ನೀರಿನ ತೊಟ್ಟು ಹಾಕಿಕೊಟ್ಟಿದ್ದಾಳೆ. ಬೆಳಿಗ್ಗೆ ಅದನ್ನು ಒತ್ತಿ ಕಣ್ಣು ಮುಚ್ಚಿ ಕೂತರೆ ‘ಟಪ್’ ಅನ್ನುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ‘ಟಪ್’ ಅನ್ನುತ್ತದೆ. ಹದಿನೈದು ನಿಮಿಷ ಇಷ್ಟೇ. ಮೊದಲ ದಿನ ನನ್ನ ಹೆಂಡತಿ ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ, ಕೊನೆಗೆ ಮಹಡಿ ಮೇಲಿನ ಟ್ಯಾಂಕಿನ ನಲ್ಲಿಯನ್ನೂ ತಿರುಗಿಸಿ ನೋಡಿ ಬಂದಳು. ಸೋರುತ್ತಿರುವುದು ಗಂಡನ ಜೇಬು ಎಂದು ಗೊತ್ತಾದ ಮೇಲೆ, ಇದಕ್ಕೂ ಒಬ್ಬ ಪ್ಲಂಬರನ್ನು ಕರೆಸಬೇಕಾ ಅಂತ ಕೇಳಿದಳು.

ನನಗೆ ಬಿ.ಪಿ. ಇದೆ. ಮಾತ್ರೆ ಕೊಟ್ಟ ಡಾಕ್ಟರು, ದಿನಾ ಸ್ವಲ್ಪ ಹೊತ್ತು ಏನೂ ಮಾಡದೆ ಕೂತುಕೊಳ್ಳಿ ಅಂದರು. ಏನೂ ಮಾಡದೆ ಕೂರುವುದು ಇಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು, ನಮ್ಮ ಊರ ಹತ್ತಿರದ ಕನ್ನಡ ಶಾಲೆಯಲ್ಲಿ. ಆಮೇಲೆ ಇಪ್ಪತ್ತೈದು ವರ್ಷಕ್ಕೂ ಮೇಲೆ ಹೊಸೂರಿನ ಜೂಜುವಾಡಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಾ ಬಂದಿದ್ದೇನೆ. ಕೈ ಸುಮ್ಮನಿದ್ದರೆ ಸೂಪರ್‌ವೈಸರ್ ಬೈಯುವ ಜಾಗದಲ್ಲಿ ಬೆಳೆದ ಕೈ ಇದು. ಸುಮ್ಮನಿರು ಅಂದರೆ ಚಾಪೆಯ ಎಳೆ ಕೀಳುತ್ತಾ ಕೂರುತ್ತದೆ.

ಮನೆಯಲ್ಲಿ ಆಗಲಿಲ್ಲ ಅಂತ ಆಲಸನತ್ತಂನಲ್ಲಿ ನಮ್ಮ ಬಡಾವಣೆಯ ಪಾರ್ಕಿಗೆ ಹೋದೆ. ಅಲ್ಲಿ ಭಾನುವಾರ ಬೆಳಿಗ್ಗೆ ಒಬ್ಬ ನಿವೃತ್ತ ಮೇಷ್ಟ್ರು ಧ್ಯಾನ ಹೇಳಿಕೊಡುತ್ತಾರೆ. ಒಳ್ಳೆಯ ಮನುಷ್ಯ. ನಮ್ಮಲ್ಲಿ ಮೂರು ಭಾಷೆಯವರೂ ಇದ್ದೇವಲ್ಲ, ಯಾರಿಗೂ ಬೇಜಾರಾಗಬಾರದು ಅಂತ ಎಲ್ಲವನ್ನೂ ಮೂರು ಸಲ ಹೇಳುತ್ತಾರೆ. “ಕಣ್ಣೈ ಮೂಡುಂಗ” ಅಂದಾಗ ತಮಿಳಿನವರು ಕಣ್ಣು ಮುಚ್ಚುತ್ತಾರೆ. ಕನ್ನಡದಲ್ಲಿ ಹೇಳಿದಾಗ ನಾವು ಮುಚ್ಚುತ್ತೇವೆ. ತೆಲುಗಿನಲ್ಲಿ ಹೇಳುವ ಹೊತ್ತಿಗೆ ಮೊದಲ ಸಾಲಿನ ತಮಿಳಿನವರು ಸಣ್ಣಗೆ ಗೊರಕೆ ಹೊಡೆಯುತ್ತಿರುತ್ತಾರೆ. ಬೆನ್ನುಮೂಳೆಯ ಕೆಳಗಿನಿಂದ ಶಕ್ತಿ ಮೇಲಕ್ಕೇರುತ್ತದೆ, ಗಮನಿಸಿ ಅನ್ನುತ್ತಾರೆ ಮೇಷ್ಟ್ರು. ನಾನು ಗಮನಿಸಿದ್ದೇನೆ. ಏರುವುದು ನಿಜ. ಆದರೆ ನನ್ನ ಬೆನ್ನಿನಲ್ಲಿ ಏರುವುದು ಪೆಟ್ಟಿಗೆ ಎತ್ತಿ ಎತ್ತಿ ಹಿಡಿದುಕೊಂಡ ಹಳೆಯ ನೋವು.

ಒಂದು ಭಾನುವಾರ ಅವರು ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟರು. ಇದನ್ನು ಹತ್ತು ನಿಮಿಷ ತಿನ್ನಬೇಕು, ಪೂರ್ತಿ ಗಮನ ಅದರ ಮೇಲೇ ಇರಬೇಕು ಅಂದರು. ನಾನು ಅದನ್ನು ನಾಲಗೆ ಮೇಲಿಟ್ಟು ದವಡೆಗೆ ಸರಿಸಿದೆ. ಸಿಹಿ ಹೋಗಿ ಸ್ವಲ್ಪ ಹುಳಿ ಬಂತು. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಮಾತು ಹೇಳಿದರು. ನಿಮಗೆ ತುಂಬಾ ನೆಮ್ಮದಿ ಕೊಟ್ಟ ಒಂದು ಜಾಗ ನೆನೆಸಿಕೊಳ್ಳಿ, ಕಾಡು, ಬೆಟ್ಟ, ನೀರು, ಯಾವುದಾದರೂ ಸರಿ, ಮನಸ್ಸಿನಲ್ಲೇ ಅಲ್ಲಿಗೆ ಹೋಗಿ ಕೂತುಕೊಳ್ಳಿ.

ನಾನು ಹೋದೆ. ಹೋದವನು ಕೂರಲಾಗದೆ ಎದ್ದುಬಿಟ್ಟೆ. ಚಪ್ಪಲಿ ಹಾಕಿಕೊಂಡು ಮನೆಗೆ ಬಂದು ಬಿ.ಪಿ. ಮಾತ್ರೆ ನುಂಗಿದೆ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಸುತ್ತಿ ಬಳಸಿ ಬರುತ್ತಿದ್ದೇನೆ, ಸ್ವಲ್ಪ ತಾಳಿಕೊಳ್ಳಿ.

ನಮ್ಮೂರು ಅಂಚೆಟ್ಟಿಯಿಂದ ಎರಡು ಮೈಲಿ. ಬೆಟ್ಟದ ಪಕ್ಕ ಮೂವತ್ತು ಮನೆ, ರಾಗಿ ಹೊಲ, ಅವರೆ, ಹುಣಸೆಮರ. ನನ್ನ ಚಿಕ್ಕಂದಿನಲ್ಲಿ ಕುಡಿಯುವ ನೀರಿಗೆ ಇದ್ದದ್ದು ಒಂದೇ ಊಟೆ. ಒರತೆಗೆ ನಮ್ಮ ಕಡೆ ಊಟೆ ಅನ್ನುತ್ತಾರೆ. ಊರ ಮೇಲಿನ ಏರಿನಲ್ಲಿ ಒಂದು ಬಂಡೆ, ಬಂಡೆಯ ಬುಡದಲ್ಲಿ ಮುದ್ದೆ ಮಾಡುವ ಪಾತ್ರೆಯಷ್ಟು ಒಂದು ಗುಳಿ. ಬಂಡೆಯ ಸೀಳಿನಿಂದ ನೀರು ತೊಟ್ಟು ತೊಟ್ಟಾಗಿ ಬಂದು ಗುಳಿಯಲ್ಲಿ ನಿಲ್ಲುತ್ತಿತ್ತು. ಒಂದು ಕೊಡ ತುಂಬಬೇಕಾದರೆ ಅರ್ಧ ಗಂಟೆ ಕೂರಬೇಕು. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ.

ಅಲ್ಲಿ ಎರಡು ಕಟ್ಟು ಇದ್ದವು. ಒಂದು, ಆ ನೀರಿಗೆ ಕಬ್ಬಿಣ ತಾಗಿಸಬಾರದು. ತೆಂಗಿನ ಚಿಪ್ಪಿನಿಂದಲೇ ಮೊಗೆಯಬೇಕು. ಇನ್ನೊಂದು, ನೀರು ಕೂಡುವ ತನಕ ಮಾತಾಡಬಾರದು. ಗಂಗಮ್ಮ ನಾಚಿಕೆಯವಳು, ಗಲಾಟೆ ಮಾಡಿದರೆ ಒಳಕ್ಕೆ ಹೋಗಿಬಿಡುತ್ತಾಳೆ ಅನ್ನುತ್ತಿದ್ದರು. ಹೆಂಗಸರು ಕೊಡ ಇಟ್ಟುಕೊಂಡು ಸಾಲಾಗಿ ಕೂತಿರುತ್ತಿದ್ದರು. ಬೀದಿಯಲ್ಲಿ ಇಡೀ ಊರಿಗೆ ಕೇಳುವಂತೆ ಜಗಳವಾಡಿದವರೂ ಅಲ್ಲಿ ಪಕ್ಕ ಪಕ್ಕ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಎದ್ದು ಹೋಗುವಾಗ ಜಗಳದ ಉಳಿದ ಭಾಗ ಮರೆತುಹೋಗಿರುತ್ತಿತ್ತೋ ಏನೋ, ಸುಮ್ಮನೆ ಇಳಿದುಹೋಗುತ್ತಿದ್ದರು.

ಹಾಗೆ ಕೂರುವುದರಲ್ಲಿ ನಮ್ಮಕ್ಕನನ್ನು ಮೀರಿಸುವವರು ಇರಲಿಲ್ಲ. ಅಕ್ಕ ಅಂದರೆ ಲಕ್ಕಮ್ಮ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಗುಳಿಯ ಅಂಚಿನಲ್ಲಿ ಇರುವೆಯ ಹಾಗೆ ಒಂದು ಕಪ್ಪು ಚುಕ್ಕೆ ಇತ್ತು. ನೀರು ಆ ಚುಕ್ಕೆಗೆ ಮುಟ್ಟಿದ ಮೇಲೇ ಮೊಗೆಯಬೇಕು, ಅದಕ್ಕಿಂತ ಮುಂಚೆ ಚಿಪ್ಪು ಹಾಕಿದರೆ ಕೆಸರು ಏಳುತ್ತದೆ. ಅಕ್ಕ ಆ ಚುಕ್ಕೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಒಂದು ದಿನ ಒಂದು ಪಿಕಳಾರ ಹಕ್ಕಿ ಬಂದು ಅವಳ ಮೊಣಕಾಲಿನ ಪಕ್ಕದಲ್ಲೇ ಕೂತು ನೀರು ಕುಡಿದು ಹೋಯಿತು. ನಾನು ನೋಡಿದ್ದೇನೆ. ನಾನು ಜೊತೆಗಿದ್ದರೆ ಹಕ್ಕಿ ಇರಲಿ, ಅಲ್ಲಿದ್ದ ಕಪ್ಪೆಯೂ ಎದ್ದು ಹೋಗುತ್ತಿತ್ತು. ಅಷ್ಟು ಚಡಪಡಿಕೆ ನನಗೆ. ಅಕ್ಕ ತುಂಬಿದ ಎರಡು ಕೊಡ ಹೊತ್ತು ಇಳಿಯುವಾಗ ನಾನು ಕೇಳುತ್ತಿದ್ದೆ, ಭಾರ ಆಗಲ್ವಾ ಅಂತ. ಅವಳು, “ಸುಮ್ಕೆ ಕೂತು ಎದ್ರೆ ಕೊಡ ಹಗುರ ಕಣ್ಲಾ” ಅನ್ನುತ್ತಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ಬೆನ್ನುಮೂಳೆ ಬರೆದು ಮೂರು ಭಾಷೆಯಲ್ಲಿ ಹೇಳುವ ಶಕ್ತಿ ಇದೇ ಇರಬೇಕು. ಅಕ್ಕ ಅದನ್ನು ಸೊಂಟದ ಮೇಲಿಟ್ಟುಕೊಂಡು ಹೋಗುತ್ತಿದ್ದಳು.

ನನಗೆ ಹನ್ನೊಂದು ವರ್ಷ. ಹುಣಸೆ ಕಾಲ. ಹಣ್ಣು ತುಂಬಿಕೊಳ್ಳಲು ಊರಿಗೆ ಲಾರಿ ಬಂದಿತ್ತು. ವರ್ಷಕ್ಕೊಂದು ಸಲ ಬರುವ ಲಾರಿ. ಮೂಟೆಗಳ ಮೇಲೆ ಕೂರಿಸಿಕೊಂಡು ಅಂಚೆಟ್ಟಿ ತನಕ ಬಿಡುತ್ತೇನೆ ಅಂತ ಡ್ರೈವರ್ ನಮಗೆಲ್ಲ ಮಾತು ಕೊಟ್ಟಿದ್ದ. ಆ ದಿನ ಅಕ್ಕ ಹೊರಗೆ ಕೂತಿದ್ದಳು. ಮುಟ್ಟಾದವರು ಊಟೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಅದಕ್ಕೆ ಅವ್ವ ಕೊಡ ನನ್ನ ಕೈಗೆ ಕೊಟ್ಟಳು.

ಹೋಗಿ ಕೂತೆ. ಬೇರೆ ಯಾರೂ ಇರಲಿಲ್ಲ. ನೀರು ಚುಕ್ಕೆಗಿಂತ ಎಷ್ಟೋ ಕೆಳಗಿತ್ತು. ‘ಟಪ್’ ಅಂದಿತು. ಕೆಳಗೆ ಲಾರಿಯ ಹತ್ತಿರ ಹುಡುಗರು ಕೂಗುತ್ತಿದ್ದರು. ಇನ್ನೊಂದು ‘ಟಪ್’. ಆ ಎರಡು ತೊಟ್ಟಿನ ನಡುವೆ ಇದ್ದಷ್ಟು ಹೊತ್ತನ್ನು ನಾನು ಜೀವಮಾನದಲ್ಲಿ ಇನ್ನೆಲ್ಲೂ ಕಂಡಿಲ್ಲ. ಸ್ವಲ್ಪ ದೂರದಲ್ಲಿ ಅಪ್ಪ ಬೇಲಿಗೆ ಗೂಟ ನೆಡಲು ತಂದ ಹಾರೆ ಹುಣಸೆಮರಕ್ಕೆ ಒರಗಿಸಿಟ್ಟಿದ್ದ. ಗುಳಿ ಇನ್ನೂ ಆಳವಾದರೆ ನೀರು ಬೇಗ ಬರುತ್ತದೆ ಅಂತ ಯಾರಾದರೂ ಲೆಕ್ಕ ಹಾಕುತ್ತಾರಲ್ಲ, ನಾನೂ ಹಾಕಿದೆ. ಹಾರೆ ತಂದು ಗುಳಿಯ ತಳಕ್ಕೆ ನಾಲ್ಕು ಸಲ ಕುಕ್ಕಿದೆ. ನಾಲ್ಕನೆಯದಕ್ಕೆ ಕೆಳಗೆ ಏನೋ ಬಿಟ್ಟುಕೊಂಡಿತು. ಯಾರೋ ಗಂಟಲಲ್ಲಿ ಗುಟುಕರಿಸಿದ ಹಾಗೆ ಒಂದು ಸದ್ದು. ಇದ್ದ ನೀರೂ ಕಣ್ಣೆದುರಿಗೇ ಇಳಿದುಹೋಯಿತು.

ಅಷ್ಟರಲ್ಲಿ ಅಕ್ಕ ಕೂಗುವುದು ಕೇಳಿಸಿತು. ನಾನು ಇಷ್ಟು ಹೊತ್ತಾದರೂ ಬರಲಿಲ್ಲ, ಲಾರಿ ಹೊರಟುಬಿಡುತ್ತದೆ, ಪಾಪ ಹುಡುಗ ಅಳುತ್ತಾನೆ ಅಂತ, ಹೊರಗೆ ಕೂತವಳು ಎದ್ದು ಹುಣಸೆಮರದ ತನಕ ಬಂದು ನನ್ನನ್ನು ಕರೆದಳು. ಮರದಿಂದ ಈಚೆಗೆ ಒಂದು ಹೆಜ್ಜೆ ಇಡಲಿಲ್ಲ. ನಾನು ಗುಳಿಯ ಮೇಲೆ ನಾಲ್ಕು ಸೊಪ್ಪು ಮುಚ್ಚಿದೆ. ಹಾರೆಯನ್ನು ಪೊದೆಯೊಳಕ್ಕೆ ತಳ್ಳಿದೆ. ಓಡಿದೆ.

ಲಾರಿ ಸಿಕ್ಕಿತು. ಮೂಟೆಗಳ ಮೇಲೆ ಮಲಗಿ ಹುಣಸೆಹಣ್ಣು ಚೀಪುತ್ತಾ ಅಂಚೆಟ್ಟಿ ತನಕ ಹೋದೆ. ತುಂಬಾ ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ದಾರಿಯಲ್ಲಿ ಒಂದು ಸಲವೂ ಊಟೆಯ ನೆನಪಾಗಲಿಲ್ಲ.

ನಡೆದು ವಾಪಸ್ ಬರುವಷ್ಟರಲ್ಲಿ ಊರು ನಮ್ಮ ಮನೆ ಮುಂದೆ ಸೇರಿತ್ತು. ಊಟೆ ಬತ್ತಿಹೋಗಿದೆ. ಯಾವ ಬರಗಾಲದಲ್ಲೂ ಬತ್ತದಿದ್ದದ್ದು ಒಂದೇ ದಿನಕ್ಕೆ ಬತ್ತಿದೆ. ಮುನಿಯಮ್ಮ ಅಂತ ನಮ್ಮ ಬೀದಿಯ ಕೊನೆಯ ಮನೆಯಾಕೆ, ಬೆಳಿಗ್ಗೆ ಸೌದೆ ತರುವಾಗ ಲಕ್ಕಮ್ಮ ಆ ದಾರಿಯಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡೆ ಅಂದಳು. ಊರಿನ ಹಿರಿಯರು ಅಕ್ಕನನ್ನು ಕೇಳಿದರು, ಹೋಗಿದ್ದೆಯಾ ಅಂತ. ಅಕ್ಕ ಸುಳ್ಳು ಹೇಳುವವಳಲ್ಲ.

“ಹುಣಸೆಮರದ ತನಕ ಹೋಗಿದ್ದೆ.”

ಅಷ್ಟೇ ಸಾಕಾಯಿತು. ನೀರಿಗೆ ಹೋದವನು ನಾನು ಅನ್ನುವುದು ಯಾರಿಗೂ ನೆನಪಾಗಲಿಲ್ಲ, ಗುಳಿಯ ತಳವನ್ನೂ ಯಾರೂ ಕೆದಕಿ ನೋಡಲಿಲ್ಲ. ಅಪ್ಪ ಅವಳಿಗೆ ಹೊಡೆದ. ಯಾಕೆ ಹೋದೆ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನ್ನ ದವಡೆಯಲ್ಲಿ ಇನ್ನೂ ಒಂದು ಹುಣಸೆಬೀಜ ಇತ್ತು. ಅದನ್ನು ಉಗಿಯಲೂ ಹೆದರಿ ನುಂಗಿಬಿಟ್ಟೆ. ಅಕ್ಕ ಅಳು ನಿಲ್ಲಿಸಿ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು, ಲಾರಿ ಸಿಕ್ತೇನ್ಲಾ ಅಂತ.

ಆಮೇಲೆ ಆರೇಳು ವರ್ಷ, ಪಂಚಾಯಿತಿ ಟ್ಯಾಂಕು ಬರುವ ತನಕ, ಊರಿನ ಹೆಂಗಸರು ಒಂದು ಮೈಲಿ ಕೆಳಗಿನ ಬಾವಿಯಿಂದ ನೀರು ಹೊತ್ತರು. ಅಕ್ಕ ನಮ್ಮ ಮನೆಗೆ ಹೊತ್ತು, ಮುನಿಯಮ್ಮನ ಮನೆಗೂ ಎರಡು ಕೊಡ ಹೊತ್ತು ಹಾಕುತ್ತಿದ್ದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ. ಅವಳನ್ನು ಅದೇ ಊರಿನಲ್ಲಿ ನಮ್ಮ ಸೋದರಮಾವನಿಗೆ ಕೊಟ್ಟರು. ಮಾವ ಒಳ್ಳೆಯವನು, ಸಂಸಾರಕ್ಕೆ ಏನೂ ಕೊರತೆಯಾಗಲಿಲ್ಲ. ಆದರೆ ಆ ದಿನದಿಂದ ಅಕ್ಕ ಸುಮ್ಮನೆ ಕೂತಿದ್ದನ್ನು ನಾನು ಕಾಣಲಿಲ್ಲ. ಟಿ.ವಿ. ನೋಡುವಾಗಲೂ ಕೈಯಲ್ಲಿ ಅವರೆಕಾಯಿ ಇರಬೇಕು.

ನಾನು ಹೇಳಬಹುದಿತ್ತು. ಮೊದಲು ಅಪ್ಪನ ಭಯ. ಅಪ್ಪ ಹೋದ ಮೇಲೆ, ಇಷ್ಟು ದಿನ ಬಿಟ್ಟು ಈಗ ಯಾಕೆ ಅಂತ. ಆಮೇಲೆ ಹೊಸೂರಿಗೆ ಬಂದೆ, ಮದುವೆಯಾಯಿತು, ಮಗಳಾದಳು. ಪ್ರತಿ ಸಲ ಊರಿಗೆ ಹೋಗುವಾಗಲೂ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ದೇನ್ಕನಿಕೋಟೆ ದಾಟುವ ತನಕ ಮಾತು ಸರಿಯಾಗಿಯೇ ಇರುತ್ತಿತ್ತು. ಅಕ್ಕನ ಮುಖ ನೋಡಿದ ಕೂಡಲೇ ಮಳೆ ಬೆಳೆಯ ಮಾತು ತೆಗೆಯುತ್ತಿದ್ದೆ. ಹೇಳಲಾಗದ್ದಕ್ಕೆ ಏನಾದರೊಂದು ಸಾಮಾನು ಕೊಟ್ಟು ಬರುತ್ತಿದ್ದೆ. ಅಕ್ಕನ ಮನೆಯ ಕುಕ್ಕರ್, ಮಿಕ್ಸಿ, ಗೋಡೆ ಗಡಿಯಾರ, ಎರಡು ಫ್ಯಾನು, ಎಲ್ಲವೂ ನಾನು ಬಾಯಿಬಿಡದೆ ಬಂದ ದಿನಗಳು. ಊರಿನಲ್ಲಿ ನನಗೆ ಒಳ್ಳೆಯ ತಮ್ಮ ಅಂತ ಹೆಸರೂ ಬಂತು. ಮಾದ ಅಂದರೆ ನಾನೇ. ಮಾದನ ಹಂಗೆ ಇರ್ಬೇಕು ಅಂತ ಬೇರೆ ಅಕ್ಕಂದಿರು ತಮ್ಮ ತಮ್ಮಂದಿರಿಗೆ ಹೇಳುತ್ತಿದ್ದರಂತೆ.

ಮರೆತಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು. ಆದರೆ ಒಂದು ಸಲ ಎಲ್ಲರೂ ಹೊಗೇನಕಲ್‌ಗೆ ಹೋಗಿದ್ದೆವು. ಎಲ್ಲರೂ ನೀರಿಗಿಳಿದರು. ಅಕ್ಕ ಬಟ್ಟೆಗಂಟುಗಳನ್ನು ಕಾಯುತ್ತೇನೆ ಅಂತ ದಡದಲ್ಲೇ ಉಳಿದಳು. ಕಳೆದ ವರ್ಷ ಅವಳ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಗಂಗೆಪೂಜೆಗೆ ಹೊರಟರು. ಈಗ ಬಾವಿ ಇಲ್ಲ, ಬೋರ್‌ವೆಲ್ಲಿನ ಪೈಪಿಗೇ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುತ್ತಾರೆ. ಹೆಣ್ಣಿನ ತಾಯಿ ಬರಬೇಕು ಅಂತ ಕರೆದರೆ, ಅಕ್ಕ ಮೊಣಕಾಲು ನೋವು ಅಂದಳು. ಅದೇ ಮೊಣಕಾಲಿನಲ್ಲಿ ಮಧ್ಯಾಹ್ನ ಪಂಕ್ತಿಗೆಲ್ಲ ಓಡಾಡಿ ಬಡಿಸಿದಳು. ನಾನು ಎಲೆಯ ಮುಂದೆ ಕೂತು ನೋಡುತ್ತಿದ್ದೆ. ಆವತ್ತು ಸಾರಿನಲ್ಲಿ ಹುಳಿ ಜಾಸ್ತಿಯಿತ್ತು, ಅಥವಾ ನನಗೆ ಹಾಗನ್ನಿಸಿತು.

ಒಣದ್ರಾಕ್ಷಿಯ ಮುಂದಿನ ಭಾನುವಾರ ನಾನು ಪಾರ್ಕಿಗೆ ಹೋಗಲಿಲ್ಲ. ಬಸ್ ಹತ್ತಿದೆ. ಈ ಸಲ ಬೇಕಂತಲೇ ಸಾಮಾನು ಯಾವುದೂ ಕೊಳ್ಳಲಿಲ್ಲ. ಆದರೂ ಕೈ ಕೇಳಬೇಕಲ್ಲ, ಅಂಚೆಟ್ಟಿಯಲ್ಲಿ ಇಳಿದು ಒಂದು ಪೊಟ್ಟಣ ಮುರುಕು ಕಟ್ಟಿಸಿಕೊಂಡೆ.

ಅಕ್ಕ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮಾವ ಹೊಲಕ್ಕೆ ಹೋಗಿದ್ದ. ನಾನು ಕೂರುವ ಮೊದಲೇ ಹೇಳಲು ಶುರುಮಾಡಿದೆ, ಕೂತರೆ ಮಾತು ಹೋಗಿಬಿಡುತ್ತದೆ ಅಂತ. ಹಾರೆ, ನಾಲ್ಕು ಕುಕ್ಕು, ಗುಟುಕರಿಸಿದ ಸದ್ದು, ಸೊಪ್ಪು ಮುಚ್ಚಿದ್ದು, ಲಾರಿ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಬರಲಿಲ್ಲ, ಬೇರೆ ಯಾವುದೋ ಬಂತು. ಮೊರದ ಸದ್ದು ನಿಂತಿತು. ಕೋಳಿಯೊಂದು ಬಂದು ಮೊರಕ್ಕೇ ಬಾಯಿ ಹಾಕಿದರೂ ಅಕ್ಕ ಓಡಿಸಲಿಲ್ಲ.

“ಅದ್ಕೇನ್ಲಾ ಮಿಕ್ಸಿ ತಂದ್ಕೊಟ್ಟಿದ್ದು?” ಅಂದಳು.

ನಾನು ತಲೆಯಾಡಿಸಿದೆ.

“ನನ್ ನೆಳ್ಳು ಬಿತ್ತೇನೋ ಅಂದ್ಕೊಂಡಿದ್ದೆ ಕಣ್ಲಾ. ಮರದ ನೆಳ್ಳು ಉದ್ದಕ್ಕೆ ಚಾಚ್ಕೊಂಡಿತ್ತು, ಅದ್ರೊಳಗೆ ನಂದೂ ಸೇರ್ಕೊಂಡು ಹೋಗಿ ಬಿತ್ತೇನೋ ಅಂತ. ದಿನಾ ದೀಪ ಹಚ್ವಾಗ ಗಂಗಮ್ಮನ್ ಕೈಲಿ ತಪ್ಪಾಯ್ತು ಅಂತ ಕೇಳ್ಕೊಂಡಿವ್ನಿ. ನೆನ್ನೇನೂ ಕೇಳ್ಕೊಂಡೆ.”

ಬೈದಿದ್ದರೆ ಒಳ್ಳೆಯದಿತ್ತು. ಮೊರದಿಂದಲೇ ಎರಡು ಕೊಟ್ಟಿದ್ದರೂ ಒಳ್ಳೆಯದಿತ್ತು. ಅವಳು ಸೆರಗು ಕೊಡವಿಕೊಂಡು ಎದ್ದಳು.

“ನನ್ತಾವ ಹೇಳಿದ್ ಸಾಕು. ಅವತ್ತು ನನ್ನನ್ನ ಕೇಳಿದ್ದು ಊರ್ ಮುಂದೆ. ನೀನೂ ಅಲ್ಲೇ ಹೇಳು, ನಡಿ.”

ಆ ದಿನ ಮಾತಾಡಿದ ಹಿರಿಯರಲ್ಲಿ ಯಾರೂ ಉಳಿದಿಲ್ಲ. ಉಳಿದವಳು ಮುನಿಯಮ್ಮ ಒಬ್ಬಳೇ, ಈಗ ಊರಿಗೆಲ್ಲ ಮುನಿಯಜ್ಜಿ. ಮನೆ ಮುಂದೆ ಬಿಸಿಲಿಗೆ ಚಾಪೆ ಹಾಕಿಕೊಂಡು ಕೂತಿದ್ದಳು. ಕಿವಿ ಮುಕ್ಕಾಲು ಹೋಗಿದೆ. ನಾನು ಬಗ್ಗಿ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ. ಅಜ್ಜಿ ನಕ್ಕಳು. ಜೋರಾಗಿ ಹೇಳು ಅಂತ ಅಕ್ಕ ಅಂದಳು. ಜೋರಾಗಿ ಹೇಳಿದೆ. ಅಜ್ಜಿ, ಚೆನ್ನಾಗಿದ್ದೀನಪ್ಪ ಅಂದಳು. ಅಕ್ಕ ನನ್ನನ್ನೇ ನೋಡುತ್ತಾ ನಿಂತಿದ್ದಳು. ಹೊಟ್ಟೆಯಿಂದ ಉಸಿರು ತಗೊಳ್ಳಿ ಅಂತ ಮೇಷ್ಟ್ರು ವಾರವಾರ ಹೇಳುತ್ತಾರಲ್ಲ, ಮೊದಲನೇ ಸಲ ತೆಗೆದುಕೊಂಡೆ.

“ಊಟೆ ಕೆಡಿಸ್ದೋನು ನಾನು ಅಜ್ಜೀ. ಹಾರೆ ಹಾಕ್ದೆ. ನಮ್ಮಕ್ಕಂದು ಏನೂ ತಪ್ಪಿಲ್ಲ.”

ಬೀದಿಯ ಬಾಗಿಲುಗಳು ತೆರೆದವು. ನೀರು ಹಿಡಿಯುತ್ತಿದ್ದವರು ಬಿಂದಿಗೆ ಬಿಟ್ಟು ಬಂದರು. ಫ್ಯಾಕ್ಟರಿ ರಜೆಯಲ್ಲಿ ಬೈಕು ತೊಳೆಯುತ್ತಿದ್ದ ಒಬ್ಬ ಚಿಂದಿ ಬಟ್ಟೆ ಹಿಡಿದೇ ನಿಂತ. ಅವರಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ. ಏನಾಯ್ತು, ಯಾರಿಗಾಯ್ತು ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನು ಇನ್ನೊಂದು ಸಲ ಕೂಗಿದೆ.

ಅಜ್ಜಿಗೆ ಈಗ ಕೇಳಿಸಿತು. ಹಣೆ ಸುಕ್ಕುಮಾಡಿಕೊಂಡು ಯೋಚಿಸಿದಳು.

“ಯಾವ ಊಟೆ ಮಗ? ನಲ್ಲಿ ಐತಲ್ಲ,” ಅಂದಳು. ಆಮೇಲೆ ನನ್ನ ಕೈಯ ಪೊಟ್ಟಣ ನೋಡಿ, ಅದು ಮೆತ್ತಗೈತಾ, ಗಟ್ಟಿಗೈತಾ ಅಂತ ಕೇಳಿದಳು.

ಮುರುಕು ಅವಳ ಮಡಿಲಿಗೆ ಹಾಕಿದೆ. ಅಕ್ಕ ಅಜ್ಜಿಯನ್ನೇ ಬಹಳ ಹೊತ್ತು ನೋಡಿದಳು. ಅವಳ ತುಟಿಯ ಮೂಲೆ ಕೊಂಚ ಅಲುಗಿತು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಬಗ್ಗಿ ಅಜ್ಜಿಗೆ ಒಂದು ಮುರುಕು ಮುರಿದು ಸಣ್ಣ ಸಣ್ಣ ಚೂರು ಮಾಡಿಕೊಟ್ಟಳು. ಮನೆಗೆ ಹೋಗಿ ಒಂದು ತೆಂಗಿನ ಚಿಪ್ಪು ಹಿಡಿದುಕೊಂಡು ಬಂದಳು. ನನ್ನ ಕಡೆ ನೋಡದೆ ಏರು ಹತ್ತತೊಡಗಿದಳು. ನಾನು ಹಿಂದೆ ಹೊರಟೆ.

ನೀರು ಎಲ್ಲಿಗೂ ಹೋಗಿರಲಿಲ್ಲ. ನಾನು ಮಾಡಿದ ತೂತಿನಿಂದ ಇಳಿದು, ಬಂಡೆಯ ಕೆಳಗೆ ನೂರು ಹೆಜ್ಜೆ ದೂರದಲ್ಲಿ ಒಂದು ಹೊಂಗೆಮರದ ಬುಡದಲ್ಲಿ ಹೊರಬಂದಿತ್ತು. ಅದು ಎಷ್ಟೋ ವರ್ಷದ ಮೇಲೆ, ಊರಿಗೆ ಟ್ಯಾಂಕು ಬಂದಾದ ಮೇಲೆ. ಆಗ ಅದು ಯಾರಿಗೂ ಬೇಕಿರಲಿಲ್ಲ. ಮೇಕೆಗಳು ಕುಡಿಯುತ್ತಿದ್ದವು. ಊರಿಗೆಲ್ಲ ಗೊತ್ತು, ಅಕ್ಕನಿಗೂ ಗೊತ್ತು. ತಾನು ಹೋದರೆ ಅಲ್ಲಿಂದಲೂ ಹೋಗಿಬಿಡುತ್ತಾಳೆ ಗಂಗಮ್ಮ ಅಂತ ಅವಳು ಆ ಕಡೆ ಸೌದೆಗೂ ಹೋಗುತ್ತಿರಲಿಲ್ಲ. ಇದನ್ನು ಅವಳು ದಾರಿಯಲ್ಲಿ ಹೇಳಿದಳು, ಹತ್ತುವ ಉಸಿರಿನ ನಡುವೆ, ನನಗಲ್ಲದೆ ದಾರಿಗೆ ಹೇಳುವ ಹಾಗೆ.

ಹುಣಸೆಮರ ಹಾಗೇ ಇತ್ತು. ಅಪ್ಪನ ಹಾರೆ ಒರಗಿದ್ದ ಜಾಗದಲ್ಲಿ ತೊಗಟೆ ಹಳೆಯದಾಗಿ ಬಿರುಕುಬಿಟ್ಟಿತ್ತು. ಅಲ್ಲಿ ಅಕ್ಕ ನಿಂತು ತಿರುಗಿದಳು.

“ನೀನು ಈ ಮರದ ತನಕ. ಇಲ್ಲೇ ನಿಂತ್ಕೋ. ನಾನು ಬತ್ತೀನಿ.”

“ಎಷ್ಟೊತ್ತಾಯ್ತದೆ ಅಕ್ಕ?” ಅಂದೆ. ಬಾಯಿ ತಪ್ಪಿ ಬಂದ ಮಾತು. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಆ ದಿನ ಹೊಸೂರಿಗೆ ಬೇರೆ ಬಸ್ಸಿಲ್ಲ, ಸೋಮವಾರ ನನಗೆ ಮೊದಲ ಪಾಳಿ.

“ತುಂಬೋವಷ್ಟೊತ್ತು,” ಅಂದಳು.

ಹೊಂಗೆಮರದ ಹತ್ತಿರ ಹೋಗುವಾಗ ಅವಳ ಹೆಜ್ಜೆ ನಿಧಾನವಾಯಿತು. ಎರಡು ಮೇಕೆ ದಾರಿ ಬಿಟ್ಟವು. ಅಂಚಿನಲ್ಲಿ ಒಂದು ಸಲ ನಿಂತಳು, ಹಿಂದಕ್ಕೆ ಬರುತ್ತಾಳೇನೋ ಅನ್ನಿಸಿತು. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತಳು. ಚಿಪ್ಪನ್ನು ಮಡಿಲಲ್ಲಿ ಇಟ್ಟುಕೊಂಡಳು. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು, ನರೆತ ಜಡೆ. ಎರಡೂ ಅಲುಗಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಊರಿದ ಅಕ್ಕನ ಕೈ ಎರಡೂ ಖಾಲಿಯಾಗಿ ಸುಮ್ಮನಿದ್ದವು.

ನನ್ನ ಜೇಬಿನಲ್ಲಿ ಫೋನಿತ್ತು. ಅದರೊಳಗಿನ ತೊಟ್ಟನ್ನು ಒತ್ತೋಣ ಅಂದುಕೊಂಡು ತೆಗೆದೆ. ಆಫ್ ಮಾಡಿ ಒಳಗಿಟ್ಟೆ. ನನ್ನ ನೆರಳು ಮರದ ನೆರಳಿನೊಳಗೆ ಸೇರಿಕೊಂಡು ಅಕ್ಕನ ಕಡೆಗೇ ಉದ್ದವಾಗುತ್ತಿತ್ತು. ಅದು ಅವಳಿಗೆ ತಾಗದ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.

ಕೆಳಗಿನ ರಸ್ತೆಯಲ್ಲಿ ಬಸ್ಸು ಬಂದು ನಿಂತದ್ದು ಕೇಳಿಸಿತು. ಹಾರನ್ ಹೊಡೆಯಿತು. ಯಾರಾದರೂ ಬರುತ್ತಾರಾ ಅಂತ ಸ್ವಲ್ಪ ಹೊತ್ತು ಕಾದು, ಇನ್ನೊಂದು ಸಲ ಹೊಡೆದು, ಹೊರಟುಹೋಯಿತು. ಅಕ್ಕ ಚಿಪ್ಪು ಇನ್ನೂ ಎತ್ತಿರಲಿಲ್ಲ. ನಾನು ಕೂಗಲಿಲ್ಲ.